ಮಡಿಯಲ್ಲಿ ಕೂತ ರೌಟರ್

ಅನಂತಪದ್ಮನಾಭರ ಮನೆ ದೊಡ್ಡದಾದದ್ದು ಕೊರೋನಾದ ದಯೆಯಿಂದ. ಮಲೇಷ್ಯಾದ ಸೈಬರ್‌ಜಯಾದಲ್ಲಿದ್ದ ಐಟಿ ಕಂಪನಿಗಳ ಜನ ಗಂಟುಮೂಟೆ ಕಟ್ಟಿಕೊಂಡು ತಮ್ಮ ತಮ್ಮ ದೇಶಗಳಿಗೆ ಹೊರಟ ಮೇಲೆ ಅಲ್ಲಿನ ಮನೆಗಳು ಖಾಲಿ ಬಿದ್ದವು. ಬಾಡಿಗೆ ಇಳಿಯಿತು. ಎರಡು ಕೋಣೆಯ ಫ್ಲ್ಯಾಟಿಗೆ ಕೊಡುತ್ತಿದ್ದ ದುಡ್ಡಿಗೆ ಮೂರು ಅಂತಸ್ತಿನ ಸಾಲುಮನೆ ಸಿಕ್ಕಿತು. ಊರಿಗೆ ಊರೇ ಕಷ್ಟದಲ್ಲಿರುವಾಗ ಮನೆ ದೊಡ್ಡದು ಮಾಡಿಕೊಳ್ಳುವುದು ಸರಿಯೇ ಎಂದು ಅವರು ಒಂದು ನಿಮಿಷ ಯೋಚಿಸಿದರು. ಎರಡನೆಯ ನಿಮಿಷ ಅಡ್ವಾನ್ಸ್ ಕೊಟ್ಟರು.

ಮನೆಯೇನೋ ಬಂತು, ವೈಫೈ ಮಹಡಿ ಹತ್ತಲಿಲ್ಲ. ಇಂಟರ್‌ನೆಟ್ ಕಂಪನಿ ಪುಕ್ಕಟೆ ಕೊಟ್ಟ ಬಿಳಿ ಡಬ್ಬಿ ಕೆಳಗಿನ ಹಜಾರದಲ್ಲಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂತಿತ್ತು. ಅದರ ಶಕ್ತಿ ಮೆಟ್ಟಿಲಿನ ತಿರುವಿಗೆ ಮುಗಿಯುತ್ತಿತ್ತು. ಹಾಗಾಗಿ ಮೂರಂತಸ್ತಿನ ಒಡೆಯರು ಸಂಸಾರ ಸಮೇತ ಒಂದೇ ಹಜಾರದಲ್ಲಿ ಬದುಕಿದರು. ಸೋಫಾದ ಒಂದು ತುದಿಯಲ್ಲಿ ಹೆಂಡತಿ ಸುಗಂಧಿ ಬ್ಯಾಂಕೊಂದರ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದಳು. ಊಟದ ಮೇಜಿನಲ್ಲಿ ಹೈಸ್ಕೂಲಿನ ಮಗಳು ಪೂರ್ವಿಯ ಆನ್‌ಲೈನ್ ಕ್ಲಾಸು. ನಡುವೆ ಕುರ್ಚಿ ಹಾಕಿಕೊಂಡು ತಾಯಿ ವಿನೋದಮ್ಮ ಫೋನಿನಲ್ಲಿ ಉಡುಪಿಯ ಪೂಜೆಯ ನೇರ ಪ್ರಸಾರ ನೋಡುತ್ತಿದ್ದರು. ಮೊಮ್ಮಗಳನ್ನು ನೋಡಲೆಂದು ಒಂದು ತಿಂಗಳಿಗೆ ಬಂದವರು ಅವರು. ವಿಮಾನ ನಿಂತಿತು, ಅವರೂ ನಿಂತರು.

ಅನಂತಪದ್ಮನಾಭರಿಗೆ ವೈಫೈ ಬೇಕಾಗಿದ್ದದ್ದು ಇವರೆಲ್ಲರಿಗಿಂತ ಹೆಚ್ಚು. ಅವರು ಮೆಡಿಕಲ್ ಕಾಲೇಜೊಂದರಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುವವರು. ಓದಿದ್ದು ಎಂಎಸ್ಸಿ. ಆ ಕಾಲೇಜಿನಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಹಲ್ಲಿನ ವಿಭಾಗದವರ ತನಕ ಎಲ್ಲರ ಬಾಗಿಲಲ್ಲೂ ಡಾಕ್ಟರ್ ಎಂದು ಬರೆದಿತ್ತು. ಇವರ ಬಾಗಿಲಲ್ಲಿ ಮಾತ್ರ ಮಿಸ್ಟರ್. ಆ ಮಿಸ್ಟರನ್ನು ಕೆತ್ತಿ ತೆಗೆಯಲು ಅವರು ಪಿಎಚ್‌ಡಿಗೆ ಸೇರಿ ಎಷ್ಟೋ ವರ್ಷ ಕಳೆದಿತ್ತು. ಹಲಸಿನ ಬೀಜದ ಪಿಷ್ಟ ತಿನ್ನಿಸಿದರೆ ಇಲಿಗಳ ರಕ್ತದ ಸಕ್ಕರೆ ಇಳಿಯುತ್ತದೆಯೇ ಎಂಬುದು ವಿಷಯ. ಇಲಿಗಳು ತಿಂದು ಸತ್ತವು, ಗೈಡು ನಿವೃತ್ತರಾದರು. ಕೊನೆಗೂ ಪ್ರಬಂಧ ಒಪ್ಪಿಸಿಯಾಗಿತ್ತು. ಉಳಿದದ್ದು ಮೌಖಿಕ ಪರೀಕ್ಷೆ, ಅದೂ ಆನ್‌ಲೈನಿನಲ್ಲಿ. ಅವಧಿ ವಿಸ್ತರಣೆಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಈ ಸಲ ತಪ್ಪಿದರೆ ನೋಂದಣಿ ರದ್ದು, ಬಾಗಿಲ ಮೇಲಿನ ಮಿಸ್ಟರ್ ಶಾಶ್ವತ.

"ಪಕ್ಕದ ಗೋಪಿನಾಥನನ್ನು ಕೇಳಿ. ಅವನ ಕಸುಬೇ ಅದು," ಎಂದಳು ಸುಗಂಧಿ.

ಗೋಪಿನಾಥ ಗೋಡೆಯಾಚೆಯ ಮನೆಯವನು, ಬೆಂಗಳೂರಿನ ಬಸವನಗುಡಿಯ ಹುಡುಗ, ನೆಟ್‌ವರ್ಕ್ ಎಂಜಿನಿಯರ್. ಕಾಂಪೌಂಡಿನ ಆಚೆ ಮಾಸ್ಕ್ ಹಾಕಿ ನಿಂತು ಅವನು ಬಿಡಿಸಿ ಹೇಳಿದ. "ಸಾರ್, ಮೂರು ಫ್ಲೋರು, ಎಲ್ಲ ಕಾಂಕ್ರೀಟು. ನೀವು ಮೆಶ್ ಹಾಕ್ಸಿ. ಮೂರು ಸಣ್ಣ ಡಬ್ಬಿ ಬರುತ್ತೆ, ಫ್ಲೋರಿಗೊಂದು. ಒಂದಕ್ಕೊಂದು ಮಾತಾಡ್ಕೊಳ್ಳುತ್ವೆ. ಇಪ್ಪತ್ತು ನಿಮಿಷದ ಕೆಲಸ."

"ಸಣ್ಣ ಡಬ್ಬಿಯಾ?" ಎಂದರು ಅನಂತಪದ್ಮನಾಭರು. ಆ ಶಬ್ದ ಅವರಿಗೆ ಹಿಡಿಸಲಿಲ್ಲ. ಮನೆ ದೊಡ್ಡದು ಮಾಡಿದ್ದು ಸಣ್ಣ ಡಬ್ಬಿ ಇಡಲಿಕ್ಕಲ್ಲ.

"ಸಣ್ಣದಾದ್ರೂ ಕೆಲಸ ಮಾಡುತ್ವೆ ಸಾರ್."

"ಮೂರು ಜನ ಮಾತಾಡಿಕೊಂಡು ಮಾಡುವ ಕೆಲಸ ನಮ್ಮ ಡಿಪಾರ್ಟ್‌ಮೆಂಟಿನಲ್ಲಿಯೂ ಉಂಟು ಮಾರಾಯ. ಅಲ್ಲಿ ಎಂತ ಆಗ್ತದೆ ಅಂತ ನನಗೆ ಗೊತ್ತುಂಟು. ಮನೆಗೆ ಯಜಮಾನ ಒಬ್ಬನೇ ಇರ್ಬೇಕು."

ನಂತರ ಅವರು ಸಂಶೋಧನೆಗೆ ಕೂತರು. ತಮ್ಮ ಪ್ರಬಂಧದ ಸಾಹಿತ್ಯ ಸಮೀಕ್ಷೆಗೆ ಅವರು ಇಷ್ಟು ಶ್ರದ್ಧೆ ತೋರಿದ್ದರೆ ಅದು ಯಾವತ್ತೋ ಮುಗಿಯುತ್ತಿತ್ತು. ಜಾಲತಾಣಗಳಲ್ಲಿ ವಿಮರ್ಶೆ ಓದಿದರು. ಫೋನು ಮುಂದೆ ಚಾಚಿ ಮನೆಯೆಲ್ಲ ಸುತ್ತಿ ಎಲ್ಲೆಲ್ಲಿ ಸಿಗ್ನಲ್ ಎಷ್ಟು ಎಂದು ನಕ್ಷೆ ಬರೆದರು. ಬಚ್ಚಲುಮನೆಗೂ ಒಂದು ಅಂಕಿ ಕೊಟ್ಟರು. ಇಲಿಗಳಿಗೆ ಕಲಿತ ಸಂಖ್ಯಾಶಾಸ್ತ್ರವನ್ನು ಕೋಣೆಗಳಿಗೆ ಹಚ್ಚಿ, ಮೇಲಿನ ಮಹಡಿಯಲ್ಲಿ ಸಿಗ್ನಲ್ ಇಲ್ಲ ಎಂದು ವೈಜ್ಞಾನಿಕವಾಗಿ ಸಾಬೀತು ಮಾಡಿದರು. ಅದನ್ನು ಪೂರ್ವಿ ಮೊದಲ ದಿನವೇ ಹೇಳಿದ್ದಳು.

ಅಂಗಡಿಗಳು ತೆರೆದ ಮೇಲೆ ಹಣೆಗೆ ಜ್ವರ ಅಳೆಸಿಕೊಂಡು ಕಂಪ್ಯೂಟರ್ ಅಂಗಡಿಯೊಂದರ ಒಳಹೊಕ್ಕರು. ಅಂಗಡಿಯ ಚೀನೀ ಮಾಲೀಕ ಇವರನ್ನು ಮೇಲಿಂದ ಕೆಳಗೆ ನೋಡಿ, "ಬಾಸ್, ಮನೆ ಎಷ್ಟು ದೊಡ್ಡದು?" ಎಂದು ಕೇಳಿದ.

ಇಡೀ ವರ್ಷ ಯಾರೂ ಕೇಳದ ಪ್ರಶ್ನೆ ಅದು. ಯಾರನ್ನೂ ಮನೆಗೆ ಕರೆಯುವಂತಿರಲಿಲ್ಲವಲ್ಲ. ಅನಂತಪದ್ಮನಾಭರು ಪ್ರತಿ ಕೋಣೆಯನ್ನೂ ವರ್ಣಿಸಿದರು. ಮಾಲೀಕ ಕೊನೆಯ ತನಕ ತಾಳ್ಮೆಯಿಂದ ಕೇಳಿ ಒಳಗಿನಿಂದ ಒಂದು ಪೆಟ್ಟಿಗೆ ತಂದ. "ಹಾಗಾದರೆ ಇದೊಂದೇ ಲಾ," ಎಂದು ಆ ದೇಶದವರ ರಾಗ ಎಳೆದ. "ಎಂಟು ಆಂಟೆನಾ. ಗೇಮ್ ಆಡುವ ಹುಡುಗರು ತಗೊಳ್ತಾರೆ. ಈ ಮಾಡೆಲ್ಲು ತಗೊಂಡ ಮೊದಲ ಅಂಕಲ್ ನೀವೇ."

ಅವರ ಕಿವಿಗೆ ಬಿದ್ದದ್ದು 'ಮೊದಲ' ಎಂಬ ಶಬ್ದ ಮಾತ್ರ.

ಮನೆಯಲ್ಲಿ ಪೆಟ್ಟಿಗೆ ತೆರೆದಾಗ ಕಪ್ಪು ಮೈ, ಕೆಂಪು ದೀಪ, ಎಂಟು ಕಾಲುಗಳನ್ನು ಆಕಾಶಕ್ಕೆ ಎತ್ತಿದ ಒಂದು ಪ್ರಾಣಿ ಹೊರಬಂತು. ವಿನೋದಮ್ಮ ಕುರ್ಚಿಯಿಂದ ಎದ್ದು ನಿಂತರು.

"ಎಂತದು ಅನಂತ, ಏಡಿಯಾ? ನಮ್ಮ ಮನೆಯೊಳಗೆ ಅದನ್ನೆಲ್ಲ ತರುದುಂಟಾ?"

"ಅಮ್ಮ, ಇದು ರೌಟರ್. ನಿನ್ನ ಉಡುಪಿ ಪೂಜೆ ಇದರಲ್ಲಿಯೇ ಬರುದು."

"ಉಡುಪಿ ಪೂಜೆ ಏಡಿಯಲ್ಲಿ ಬರ್ತದಾ?"

ಅದು ನವರಾತ್ರಿಯ ವಾರ. ಮಾರನೆಯ ದಿನ ಆಯುಧಪೂಜೆ. ಮನೆಯಲ್ಲಿದ್ದ ಮಿಕ್ಸಿ, ಕತ್ತರಿ, ಲ್ಯಾಪ್‌ಟಾಪು, ಕಾರಿನ ಕೀಲಿಕೈಗಳ ಜೊತೆ ರೌಟರನ್ನೂ ದೇವರ ಕೋಣೆಯಲ್ಲಿಟ್ಟರು. ಆ ಕೋಣೆ ನಡುವಿನ ಮಹಡಿಯಲ್ಲಿತ್ತು. ಮನೆ ಕಟ್ಟಿದವರು ಅದನ್ನು ಹಳೆ ಸಾಮಾನಿಗೆಂದು ಬಿಟ್ಟಿದ್ದರು, ವಿನೋದಮ್ಮ ದೇವರಿಗೆಂದು ತೆಗೆದುಕೊಂಡಿದ್ದರು. ಗೋಪಿನಾಥ ಬಂದು ಕೆಳಗಿನಿಂದ ಕೇಬಲ್ ಎಳೆದುಕೊಟ್ಟ, ಪೂಜೆಯ ಹೊತ್ತಿಗೆ ಯಂತ್ರ ಚಾಲೂ ಇರಲಿ ಎಂದು ಅನಂತಪದ್ಮನಾಭರು ಗುಂಡಿ ಒತ್ತಿದರು. ಕುಂಕುಮ ಹಚ್ಚಲು ಬಗ್ಗಿದ ವಿನೋದಮ್ಮ ಕೈಗಳನ್ನು ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಅಷ್ಟಭುಜೆ!" ಎಂದರು. ಏಡಿ ಒಂದೇ ಕ್ಷಣದಲ್ಲಿ ದುರ್ಗೆಯಾಯಿತು. ಒಂದೊಂದು ಕೈಗೂ ಒಂದೊಂದು ಸೇವಂತಿಗೆ ಏರಿತು.

ಅಷ್ಟರಲ್ಲಿ ಮೇಲಿನ ಮಹಡಿಯಿಂದ ಪೂರ್ವಿ ಕಿರುಚಿದಳು. "ಅಪ್ಪಾ! ಫುಲ್ ಬಾರ್ಸ್! ಓ ಮೈ ಗಾಡ್, ಫುಲ್ ಬಾರ್ಸ್!"

ದೇವರ ಕೋಣೆ ಮನೆಯ ನಟ್ಟನಡುವೆ ಇದ್ದುದರಿಂದ ಸಿಗ್ನಲ್ ಮೇಲೂ ಹೋಯಿತು, ಕೆಳಗೂ ಹೋಯಿತು. ಇದರಲ್ಲಿ ಪವಾಡವೇನಿಲ್ಲ. ಆದರೆ ಪವಾಡವಿಲ್ಲ ಎಂದು ಆ ಮನೆಯಲ್ಲಿ ಹೇಳುವವರು ಯಾರು? ಅನಂತಪದ್ಮನಾಭರು ಮೂರಂತಸ್ತನ್ನೂ ಹತ್ತಿಳಿದು, ಬಚ್ಚಲುಮನೆಯ ಅಂಕಿ ತಿದ್ದಿ, ಕಾಂಪೌಂಡಿನ ಬಳಿ ಹೋಗಿ ಗೋಪಿನಾಥನಿಗೆ ಕೇಳುವಂತೆ ಕೆಮ್ಮಿದರು. ಆ ಕಾಲದಲ್ಲಿ ಕೆಮ್ಮುವುದು ಅಪಾಯ. ಗೋಪಿನಾಥ ಕಿಟಕಿ ಮುಚ್ಚಿದ.

ತೊಂದರೆ ಶುರುವಾದದ್ದು ವಿಜಯದಶಮಿಯ ಮಾರನೆಯ ದಿನ. ಮಿಕ್ಸಿ ಅಡುಗೆಮನೆಗೆ ಮರಳಿತು, ಕೀಲಿಕೈ ಮೊಳೆಗೆ ಮರಳಿತು. ಅಷ್ಟು ಒಳ್ಳೆಯ ಸಿಗ್ನಲ್ ಕೊಡುವ ಜಾಗದಿಂದ ರೌಟರನ್ನು ಕದಲಿಸಲು ಯಾರಿಗೂ ಮನಸ್ಸಾಗಲಿಲ್ಲ. ದೇವರ ಕೋಣೆಯಲ್ಲಿ ಉಳಿದ ಮೇಲೆ ಅದು ದೇವರ ಕೋಣೆಯ ಕಾನೂನಿಗೆ ಒಳಪಟ್ಟಿತು. ವಿನೋದಮ್ಮನ ಕಾನೂನು ಮಾಧ್ವರ ಮನೆಗಳಲ್ಲಿ ಬೆಳೆದವರಿಗೆಲ್ಲ ಗೊತ್ತಿರುವಂಥದ್ದೇ: ಮೀಯದೆ ಮುಟ್ಟಬಾರದು, ಮಿಂದ ಮೇಲೆ ಮಡಿಬಟ್ಟೆ ಉಡದೆ ಮುಟ್ಟಬಾರದು, ಮಡಿಬಟ್ಟೆ ಉಟ್ಟ ಮೇಲೆ ಬೇರೆ ಏನನ್ನೂ ಮುಟ್ಟಬಾರದು.

ಎಂಟು ಆಂಟೆನಾ ಇದ್ದರೂ ರೌಟರ್ ಯಂತ್ರವೇ. ಆಗಾಗ ಸ್ತಬ್ಧವಾಗುತ್ತಿತ್ತು. ಬೇರೆ ಮನೆಯಲ್ಲಾದರೆ ಗುಂಡಿ ಆರಿಸಿ ಹಾಕುತ್ತಾರೆ. ಇಲ್ಲಿ ಮೊದಲು ಸ್ನಾನ.

"ಅಜ್ಜಿ, ಇಟ್ಸ್ ಜಸ್ಟ್ ಅ ಬಟನ್!" ಎಂದು ಗಣಿತದ ಕ್ಲಾಸು ಅರ್ಧಕ್ಕೆ ನಿಂತ ಪೂರ್ವಿ ಹೊಸ್ತಿಲಲ್ಲಿ ಕುಣಿಯುತ್ತಿದ್ದಳು.

"ಬಟನ್ ಆದರೆ ಎಂತ? ದೇವರ ಗಂಟೆ ಸಹ ಬರೇ ಗಂಟೆಯೇ. ಮಿಂದು ಬಾ."

"ಐ ಆಲ್ರೆಡಿ ಬೇತ್ಡ್ ಟ್ವೈಸ್! ನನ್ನ ಹೇರ್ ಡ್ರೈ ಆಗ್ತಾನೇ ಇಲ್ಲ!"

ಮಗಳ ತಲೆಗೂದಲು ಯಾವಾಗಲೂ ಒದ್ದೆ ಎಂದು ಅವಳ ಕ್ಲಾಸ್ ಟೀಚರ್ ಸುಗಂಧಿಗೆ ಮೆಸೇಜು ಕಳಿಸಿ, ಮನೆಯಲ್ಲಿ ಎಲ್ಲವೂ ಸರಿಯಿದೆಯೇ ಎಂದು ವಿಚಾರಿಸಿದರು. ಸುಗಂಧಿ ರೌಟರ್ ಯಾಕೆ ಸುಸ್ತಾಗುತ್ತದೆ ಎಂದು ಬಗ್ಗಿ ನೋಡಿದಳು. ಗಾಳಿಯಾಡುವ ಸಂದುಗಳಲ್ಲಿ ಹೂವಿನ ಎಸಳು, ಪಕ್ಕದಲ್ಲಿ ನಂದಾದೀಪ.

"ಅದಕ್ಕೆ ಸೆಖೆಯಾಗ್ತಾ ಉಂಟು ಅತ್ತೆ. ದೀಪ ಸ್ವಲ್ಪ ದೂರ ಇಟ್ಟರೆ ಒಳ್ಳೇದಿತ್ತು."

"ಸೆಖೆಯಾದರೆ ಗಂಧ ಹಚ್ಚುವ," ಎಂದರು ವಿನೋದಮ್ಮ. ಹಚ್ಚಿಯೂ ಹಚ್ಚಿದರು.

"ಸಾರ್, ರೀಸ್ಟಾರ್ಟ್ ಮಾಡೋಕೆ ಸ್ನಾನ ಮಾಡಬೇಕಾದ ರೌಟರು ಇಡೀ ಮಲೇಷ್ಯಾದಲ್ಲಿ ನಿಮ್ಮದೊಂದೇ," ಎಂದ ಗೋಪಿನಾಥ, ಕಾಂಪೌಂಡಿನ ಆಚೆಯಿಂದ.

"ಹೌದಲ್ವಾ?" ಎಂದರು ಅನಂತಪದ್ಮನಾಭರು. ಹೊಗಳಿಕೆಯನ್ನು ಅವರು ಎಲ್ಲಿಂದ ಬಂದರೂ ಸ್ವೀಕರಿಸುತ್ತಿದ್ದರು.

ಮೌಖಿಕ ಪರೀಕ್ಷೆಯ ದಿನ ಬಂತು. ಮಲೇಷ್ಯಾ ಮತ್ತೆ ಬೀಗ ಹಾಕಿಕೊಂಡಿದ್ದ ಹೊಸ ವರ್ಷದ ದಿನಗಳು. ಅನಂತಪದ್ಮನಾಭರು ಬೆಳಿಗ್ಗೆಯೇ ಆಜ್ಞೆ ಹೊರಡಿಸಿದರು: ಪರೀಕ್ಷೆ ಮುಗಿಯುವ ತನಕ ಮನೆಯಲ್ಲಿ ಯಾರೂ ಇಂಟರ್‌ನೆಟ್ ಮುಟ್ಟಬಾರದು. ಸುಗಂಧಿ ರಜೆ ಹಾಕಿದಳು. ಪೂರ್ವಿ ನಿದ್ದೆ ಮಾಡಿದಳು. ವಿನೋದಮ್ಮ ಉಡುಪಿಯ ನೇರ ಪ್ರಸಾರ ತ್ಯಾಗ ಮಾಡಿ, ಅದರ ಬದಲಿಗೆ ಮಗನ ಯಶಸ್ಸಿಗಾಗಿ ಮನೆಯಲ್ಲೇ ವಿಶೇಷ ಪೂಜೆ ಇಟ್ಟುಕೊಂಡರು. ಇವತ್ತು ಮಗನನ್ನು ದಡ ಸೇರಿಸಬೇಕಾದ್ದು ಅಷ್ಟಭುಜೆಯೇ ಆದ್ದರಿಂದ ಅವಳಿಗೆ ಹೆಚ್ಚುವರಿ ಎರಡು ದೀಪ, ಮೈಮೇಲೆ ರೇಷ್ಮೆಯ ರವಿಕೆ ಕಣ.

ಮೇಲಿನ ಮಹಡಿಯಲ್ಲಿ ಕೋಟು ಹಾಕಿ, ಟೈ ಕಟ್ಟಿಕೊಂಡು ಕೂತಿದ್ದ ಅಭ್ಯರ್ಥಿಯ ಪರದೆ, ಪರೀಕ್ಷೆಗೆ ಸ್ವಲ್ಪ ಮೊದಲು, ಗಿರಗಿರ ತಿರುಗಿ ನಿಂತಿತು.

ಅವರು ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದರು. ಹೊಸ್ತಿಲಲ್ಲಿ ತಾಯಿ ನೈವೇದ್ಯದ ಪಾತ್ರೆ ಹಿಡಿದು ಅಡ್ಡ ನಿಂತಿದ್ದರು.

"ಅಮ್ಮ, ದಾರಿ ಬಿಡು. ಬಂದ್ ಮಾಡಿ ಹಾಕ್ಬೇಕು!"

"ಮಿಂದಿದ್ದೀಯಾ?"

"ಬೆಳಿಗ್ಗೆಯೇ ಮಿಂದಿದ್ದೇನೆ!"

"ಆಮೇಲೆ ದೋಸೆ ತಿಂದೆ. ಕಾಫಿ ಕುಡಿದೆ. ಆ ಕೋಟು ಯಾವ ಕಾಲದ್ದೋ."

"ಹಾಗಾದರೆ ನೀನೇ ಒತ್ತು! ಹಿಂದೆ ಒಂದು ಗುಂಡಿ ಉಂಟು!"

ವಿನೋದಮ್ಮ ಪಾತ್ರೆ ಕೆಳಗಿಟ್ಟು ರೌಟರಿನ ಹಿಂದೆ ಕೈ ಹಾಕಿದರು. ಹಿಂದೆ ಎರಡು ಗುಂಡಿಗಳಿದ್ದವು. ಅವರು ಸಿಕ್ಕಿದ್ದನ್ನು ಒತ್ತಿದರು. ದೇವರ ಕೆಲಸವನ್ನು ಅವಸರದಲ್ಲಿ ಮಾಡಬಾರದಾದ್ದರಿಂದ ಒತ್ತಿಕೊಂಡೇ ಒಂದು ಶ್ಲೋಕ ಪೂರ್ತಿ ಹೇಳಿ ಬಿಟ್ಟರು. ಎಲ್ಲ ದೀಪಗಳೂ ಒಟ್ಟಿಗೆ ಮಿನುಗಿದವು.

ಗೋಪಿನಾಥನಿಗೆ ಫೋನು ಹೋಯಿತು. "ಸಾರ್, ಅದು ರೀಸೆಟ್ ಬಟನ್ನು! ಹಾಕಿದ್ದ ಸೆಟ್ಟಿಂಗ್ ಎಲ್ಲ ಹೋಯ್ತು. ಲ್ಯಾಪ್‌ಟಾಪನ್ನ ರೌಟರಿಗೆ ವೈರಲ್ಲಿ ಚುಚ್ಚಿ ಮೊದಲಿಂದ ಮಾಡ್ಬೇಕು. ಅಷ್ಟು ಟೈಮ್ ಎಲ್ಲಿದೆ? ನಮ್ಮನೆ ವೈಫೈ ತಗೊಳ್ಳಿ, ಪಾಸ್‌ವರ್ಡ್ ಬರ್ಕೊಳ್ಳಿ."

ಅನಂತಪದ್ಮನಾಭರು ತೂಗಿ ನೋಡಿದರು. ಒಂದು ಕಡೆ ಜೀವಮಾನದ ಡಾಕ್ಟರೇಟು. ಇನ್ನೊಂದು ಕಡೆ, ಗೋಪಿನಾಥನ ಸಣ್ಣ ಡಬ್ಬಿಯ ವೈಫೈಯಲ್ಲಿ ಪಡೆದ ಡಾಕ್ಟರೇಟು.

"ನನ್ನ ಫೋನಿನ ಹಾಟ್‌ಸ್ಪಾಟ್ ಆದರೂ ತಗೊಳ್ಳಿ," ಎಂದಳು ಸುಗಂಧಿ.

"ಇಂಥ ರೌಟರ್ ಇಟ್ಟುಕೊಂಡು ಹಾಟ್‌ಸ್ಪಾಟಾ? ನಾಳೆ ಜನ ಎಂತ ಹೇಳಿಯಾರು?"

"ಯಾವ ಜನ? ರಸ್ತೆಯಲ್ಲಿ ನಾಯಿ ಸಹ ಇಲ್ಲ."

ಅವರು ಬಚ್ಚಲಿಗೆ ಓಡಿದರು. ತಲೆಗೆ ನೀರು ಹೊಯ್ದುಕೊಂಡು, ಪಟ್ಟೆಮಡಿ ಉಟ್ಟು, ನೀರಿಳಿಯುತ್ತಲೇ ಬಂದರು. ವಿನೋದಮ್ಮ ಅಷ್ಟಕ್ಕೆ ಬಿಡಲಿಲ್ಲ. ಪಟ್ಟೆ ಉಟ್ಟು ದೇವರ ಮುಂದೆ ಖಾಲಿ ಹಣೆಯಲ್ಲಿ ಕೂರುವುದುಂಟೆ ಎಂದು ಹಣೆಗೆ, ಎದೆಗೆ, ತೋಳುಗಳಿಗೆ ಗೋಪಿಚಂದನ ಎಳೆದು ಮುದ್ರೆ ಒತ್ತಿದರು. ಸುಗಂಧಿ ಮೇಲಿನಿಂದ ತಂದ ಲ್ಯಾಪ್‌ಟಾಪು ಮಡಿಯಾಗಿರಲಿಲ್ಲ. ಅದಕ್ಕೆ ವಿನೋದಮ್ಮ ಉದ್ಧರಣೆಯಿಂದ ನೀರು ಪ್ರೋಕ್ಷಿಸಲು ಹೊರಟಾಗ ಸುಗಂಧಿ ಛಂಗನೆ ಜಿಗಿದು ಅದರ ಮುಚ್ಚಳ ಮುಚ್ಚಿದಳು. ಇಡೀ ಪ್ರಕರಣದಲ್ಲಿ ನಡೆದ ಬುದ್ಧಿವಂತಿಕೆಯ ಕೆಲಸ ಇದೊಂದೇ.

ಮಣೆ ಹಾಕಿ ಕೂತು, ವೈರು ಚುಚ್ಚಿ, ಕಿವಿಯಲ್ಲಿ ಗೋಪಿನಾಥ ಹೇಳಿಕೊಟ್ಟಂತೆ ಒಂದೊಂದೇ ಅಕ್ಷರ ಒತ್ತಿದರು. ಇಂಟರ್‌ನೆಟ್ ಬಂತು. ಬಂದ ಕ್ಷಣಕ್ಕೆ ಸರಿಯಾಗಿ ಪರೀಕ್ಷೆಯ ಕಿಟಕಿ ತೆರೆದುಕೊಂಡಿತು. ಕೋಟು ಬಚ್ಚಲುಮನೆಯಲ್ಲಿತ್ತು. ಅಭ್ಯರ್ಥಿ ಹೆಗಲಿನ ಮೇಲೆ ಶಲ್ಯ ಎಳೆದುಕೊಂಡರು.

ಪರದೆಯ ಮೇಲೆ ಇಬ್ಬರಿದ್ದರು. ಅಧ್ಯಕ್ಷರು ಪ್ರೊಫೆಸರ್ ನೂರ್‌ಲೈಲಾ, ತಿಳಿಗುಲಾಬಿ ತಲೆವಸ್ತ್ರದ ಹಿರಿಯ ಮಹಿಳೆ. ಇನ್ನೊಬ್ಬರು ಹೊರಗಿನ ಪರೀಕ್ಷಕ ಪ್ರೊಫೆಸರ್ ತಾನ್. ಅವರು ನಕ್ಕಿದ್ದನ್ನು ಕಂಡವರಿಲ್ಲ ಎಂದು ಪ್ರತೀತಿ. ಇಬ್ಬರೂ ಒದ್ದೆ ತಲೆಯ, ಬರಿಮೈಯ, ಮುದ್ರೆ ಒತ್ತಿಸಿಕೊಂಡ ಅಭ್ಯರ್ಥಿಯನ್ನು ನೋಡಿದರು. ಹಿಂದೆ ಮೂರು ದೀಪ ಉರಿಯುತ್ತಿದ್ದವು.

ವಿಶ್ವವಿದ್ಯಾಲಯದ ಸೂಚನೆಯಲ್ಲಿ ಔಪಚಾರಿಕ ಅಥವಾ ಸಾಂಪ್ರದಾಯಿಕ ಉಡುಪು ಧರಿಸಬೇಕೆಂದಿತ್ತು. ಆ ದೇಶದಲ್ಲಿ ಎಲ್ಲ ಸರಕಾರಿ ಆಮಂತ್ರಣಗಳಲ್ಲೂ ಹಾಗೆಯೇ ಇರುತ್ತದೆ. ಅಧ್ಯಕ್ಷರ ಮುಖ ಅರಳಿತು. "ಬಹಳ ಚಂದ, ಮಿಸ್ಟರ್ ಅನಂತ. ಎಷ್ಟೋ ಜನ ಮೇಲೆ ಕೋಟು, ಕೆಳಗೆ ಚಡ್ಡಿ ಹಾಕಿ ಕೂರುತ್ತಾರೆ. ನೀವು ಸಂಪ್ರದಾಯವನ್ನು ಪೂರ್ತಿ ಪಾಲಿಸಿದ್ದೀರಿ. ಹಿಂದಿರುವುದು ಕಂಪ್ಯೂಟರಿನ ಚಿತ್ರವೇ?"

"ಅಲ್ಲ ಪ್ರೊಫೆಸರ್, ನಿಜವಾದ ದೇವರು."

"ಎಷ್ಟು ಸ್ಪಷ್ಟವಾಗಿ ಕಾಣುತ್ತದೆ!"

ಇಲ್ಲಿ ಸುಮ್ಮನಿದ್ದರೆ ಬೇರೆ ಕಥೆಯಾಗುತ್ತಿತ್ತು. ಆದರೆ ತಿಂಗಳುಗಟ್ಟಲೆ ಯಾರೂ ಮೆಚ್ಚದ ರೌಟರನ್ನು ಒಬ್ಬ ಪ್ರೊಫೆಸರ್ ಮೆಚ್ಚಿದ್ದರು. ಅನಂತಪದ್ಮನಾಭರು ಲ್ಯಾಪ್‌ಟಾಪನ್ನು ತಿರುಗಿಸಿ ಅಷ್ಟಭುಜೆಯ ದರ್ಶನ ಮಾಡಿಸಿದರು. "ಎಂಟು ಆಂಟೆನಾ. ಮೂರು ಅಂತಸ್ತಿನ ಮನೆ ನಮ್ಮದು. ಈ ಲೈನು ಕಟ್ಟಾಗುವ ಪ್ರಶ್ನೆಯೇ ಇಲ್ಲ."

"ಒಳ್ಳೆಯದು," ಎಂದರು ಪ್ರೊಫೆಸರ್ ತಾನ್. "ಹಾಗಾದರೆ ಪ್ರಶ್ನೆಗಳಿಗೆ ಹೋಗೋಣ."

ಮೊದಲ ಪ್ರಶ್ನೆಗಳು ಸರಾಗವಾಗಿ ಹೋದವು. ಆಮೇಲೆ ತಾನ್ ಒಂದು ಪುಟ ತಿರುವಿ ನಿಲ್ಲಿಸಿದರು. "ಹಲಸಿನ ಬೀಜ ತಿಂದ ಇಲಿಗಳ ಸಕ್ಕರೆ ಇಳಿಯಿತು, ಸರಿ. ಬೀಜ ತಿನ್ನಿಸದೆ ಬಿಟ್ಟ ಇಲಿಗಳ ಸಕ್ಕರೆಯೂ ಮೂರನೆಯ ವಾರ ಇಳಿದಿದೆಯಲ್ಲ, ಅದು ಯಾಕೆ?"

ಅನಂತಪದ್ಮನಾಭರಿಗೆ ಆ ಅಂಕಿ ಗೊತ್ತಿತ್ತು. ಇಷ್ಟು ವರ್ಷ ಅದನ್ನು ಕಾಣದಂತೆ ದಾಟಿಕೊಂಡು ಬಂದಿದ್ದರು. ಕಾರಣ ಗೊತ್ತಿರಲಿಲ್ಲ.

ಆ ವರ್ಷ ಆನ್‌ಲೈನಿನಲ್ಲಿ ಪರೀಕ್ಷೆ ಕೊಟ್ಟವರೆಲ್ಲರಿಗೂ ಒಂದು ವಿದ್ಯೆ ಸಿದ್ಧಿಸಿತ್ತು. ಕಷ್ಟದ ಪ್ರಶ್ನೆ ಬಂದರೆ ಲೈನು ಹಾಳಾಗಬೇಕು. ಅನಂತಪದ್ಮನಾಭರು ಪರದೆಯತ್ತ ಬಾಗಿ, "ಹಲೋ? ಹಲೋ? ಪ್ರೊಫೆಸರ್, ನಿಮ್ಮ ಧ್ವನಿ ತುಂಡು ತುಂಡಾಗಿ ಬರ್ತಾ ಇದೆ..." ಎಂದರು.

"ಸಾಧ್ಯವೇ ಇಲ್ಲ. ಎಂಟು ಆಂಟೆನಾ!" ಎಂದು ಅಧ್ಯಕ್ಷರು ಅಭ್ಯರ್ಥಿಯ ಪರವಾಗಿ ಧೈರ್ಯ ಹೇಳಿದರು. ತಾನ್ ಪ್ರಶ್ನೆಯನ್ನು ಇನ್ನೊಮ್ಮೆ, ಬಿಡಿಬಿಡಿಯಾಗಿ ಕೇಳಿದರು. ಒಂದು ಅಕ್ಷರವೂ ತಪ್ಪಲಿಲ್ಲ.

ಅಲುಗಾಡದೆ ಕೂತು ಚಿತ್ರ ನಿಂತುಹೋದಂತೆ ತೋರಿಸುವುದು ಎರಡನೆಯ ಉಪಾಯ. ಅವರು ಬಾಯಿ ಅರ್ಧ ತೆರೆದು ಕಲ್ಲಾದರು. ಆದರೆ ಹಿಂದಿನ ಮೂರೂ ದೀಪಗಳು ಲವಲವಿಕೆಯಿಂದ ಅಲುಗುತ್ತಿದ್ದವು. ಒದ್ದೆ ಮುಂಗೂದಲಿನಿಂದ ಒಂದು ಹನಿ ಇಳಿದು ಮೂಗಿನ ತುದಿಯಲ್ಲಿ ನಿಂತು ತೊಟ್ಟಿಕ್ಕಿತು. ಪ್ರೊಫೆಸರ್ ತಾನ್ ಆ ಹನಿಯನ್ನು ಕೊನೆಯ ತನಕ ನೋಡಿದರು.

ಆಗ ಹೊಸ್ತಿಲಿನಿಂದ ವಿನೋದಮ್ಮನ ಧ್ವನಿ ಬಂತು. "ಎಂತ ಅನಂತ, ಉತ್ತರ ಗೊತ್ತಿಲ್ಲವಾ? ಗೊತ್ತಿಲ್ಲ ಅಂತ ಹೇಳಿ ಮುಗಿಸು. ನೈವೇದ್ಯ ತಣಿತಾ ಉಂಟು."

"ಅವರು ಏನು ಹೇಳುತ್ತಿದ್ದಾರೆ?" ಎಂದು ಕೇಳಿದರು ತಾನ್.

"ಅದು... ನಮ್ಮ ತಾಯಿ..."

"ಏನು ಹೇಳಿದರು?"

ಲೈನು ಸ್ವಚ್ಛವಾಗಿತ್ತು. ಓಡಿಹೋಗಲು ಒಂದು ಸಣ್ಣ ಬಿರುಕೂ ಇರಲಿಲ್ಲ. ಅನಂತಪದ್ಮನಾಭರು ದೇವರ ಮುಂದೆ ಮಡಿಯಲ್ಲಿ ಕೂತು, ತಾಯಿಯ ಮಾತನ್ನು ಇಂಗ್ಲಿಷಿನಲ್ಲಿ ಅನುವಾದಿಸಿದರು. "ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಹೇಳಬೇಕಂತೆ. ದೇವರ ಊಟ ಆರುತ್ತಿದೆಯಂತೆ."

"ಗೊತ್ತಿದೆಯೇ?"

"ಇಲ್ಲ, ಪ್ರೊಫೆಸರ್. ಗೊತ್ತಿಲ್ಲ."

ತಾನ್ ಕನ್ನಡಕ ತೆಗೆದು ಒರೆಸಿದರು. "ಈ ವರ್ಷ ನಾನು ಎಷ್ಟೋ ಜನರನ್ನು ಪರೀಕ್ಷಿಸಿದ್ದೇನೆ. ಇಂಥ ಪ್ರಶ್ನೆ ಕೇಳಿದ ಕೂಡಲೇ ಎಲ್ಲರ ಇಂಟರ್‌ನೆಟ್ ಸತ್ತುಹೋಗುತ್ತದೆ. ಉತ್ತರವಾಗಿ 'ಗೊತ್ತಿಲ್ಲ' ಎಂಬ ಮಾತು ನನ್ನ ಕಿವಿಗೆ ಪೂರ್ತಿ ಬಿದ್ದದ್ದು ಇವತ್ತೇ." ಅವರು ಏನೋ ಬರೆದುಕೊಂಡರು. "ಕಾರಣ ಹುಡುಕಿ. ಒಂದು ಅಧ್ಯಾಯ ಸೇರಿಸಿ. ಆ ಷರತ್ತಿನ ಮೇಲೆ ನನ್ನ ಒಪ್ಪಿಗೆ ಇದೆ."

ಅಧ್ಯಕ್ಷರು ನಿಯಮ ಓದಿದರು. ಕೊನೆಗೆ, "ಕಂಗ್ರಾಜುಲೇಷನ್ಸ್, ಡಾಕ್ಟರ್ ಅನಂತ," ಎಂದರು. ಪರದೆ ಮುಚ್ಚಿತು. ಅನಂತಪದ್ಮನಾಭರು ಎದ್ದು ತಾಯಿಗೆ ನಮಸ್ಕಾರ ಮಾಡಲು ಬಗ್ಗಿದರು. "ಆಮೇಲೆ ಮಾಡು, ಮೊದಲು ಮಣೆ ಬಿಡು," ಎಂದು ವಿನೋದಮ್ಮ ಪಾತ್ರೆ ಹಿಡಿದು ಒಳಗೆ ನುಗ್ಗಿದರು.

ಸಂಜೆ ಕಾಂಪೌಂಡಿನ ಆಚೆ ಗೋಪಿನಾಥ ಕಾದಿದ್ದ. ಅವನ ಜೊತೆ ಅವನ ಹೆಂಡತಿ ಉಷಾ ಕೂಡ ಇದ್ದಳು, ವಿಷಯ ತಿಳಿಯದೆ ಅವಳಿಗೆ ಅಡುಗೆಯಲ್ಲಿ ಕೈ ಓಡಿರಲಿಲ್ಲ.

"ಸಾರ್, ಏನಾಯ್ತು? ಲೈನ್ ನಿಂತಿತ್ತಾ?"

"ನಿಲ್ಲುದಾ!" ಅನಂತಪದ್ಮನಾಭರು ಶಲ್ಯ ಸರಿಮಾಡಿಕೊಂಡರು. ಅವರು ಇನ್ನೂ ಮಡಿ ಬಿಚ್ಚಿರಲಿಲ್ಲ.

"ಪಾಸಾದ್ರಾ ಅಂತ ಕೇಳ್ರೀ ಮೊದಲು," ಎಂದು ಉಷಾ ಗಂಡನನ್ನು ತಿವಿದಳು.

"ಪಾಸು ಗೀಸು ಎಲ್ಲ ಆಯ್ತಮ್ಮ, ಅದೆಂತ ದೊಡ್ಡ ವಿಷಯ? ಲೈನಿನ ವಿಷಯ ಕೇಳಿ," ಎಂದರು ಡಾಕ್ಟರ್ ಅನಂತಪದ್ಮನಾಭರು, ಇಡೀ ಬೀದಿಗೆ ಕೇಳುವ ಹಾಗೆ. "ಎಷ್ಟು ಸ್ಪಷ್ಟ ಅಂದರೆ ಮಾರಾಯ, ನನಗೆ ಗೊತ್ತಿಲ್ಲದ್ದು ಸಹ ಅವರಿಗೆ ಸರಿಯಾಗಿ ಕೇಳಿತು!"